ಭಾನುವಾರದ ಚರ್ಚೆ: ಅಂಗೋಲಾ, 1987–88

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6ಕ್ಕೆ ಗೂಗಲ್ ಮೀಟ್‌ನಲ್ಲಿ ಕ್ವಿಟೊ ಕ್ವಾನವಾಲೆ ಕದನದ ಬಗ್ಗೆ ಚರ್ಚೆ. ಮಾತಾಡಲು ಹೆಸರು ಕೊಟ್ಟವರು ತಲಾ 10 ನಿಮಿಷ ಮೀರಬೇಡಿ, ದಯವಿಟ್ಟು.

ಬರುವ ಮುಂಚೆ ಮ್ಯಾಪ್ ತೆರೆದು ಕ್ವಿಟೊ ಕ್ವಾನವಾಲೆ, ಲೊಂಬಾ ನದಿ, ಮವಿಂಗಾ, ಜಂಬಾ ಗುರುತು ಮಾಡಿಕೊಳ್ಳಿ. ಇದಿಲ್ಲದೆ ಉಳಿದದ್ದು ತಲೆಗೆ ಹತ್ತಲ್ಲ. ಮವಿಂಗಾ ಕೈತಪ್ಪಿದರೆ ಅಂಗೋಲಾ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಬಂಡುಕೋರ ಪಡೆ ಯುನಿಟಾದ ನೆಲೆ ಜಂಬಾಕ್ಕೆ ದಾರಿ ತೆರೆದಂತೆ. ಅದಕ್ಕೇ ಯುನಿಟಾ ಬೆಂಬಲಕ್ಕಿದ್ದ ದಕ್ಷಿಣ ಆಫ್ರಿಕಾದ ಸೇನೆ ಲೊಂಬಾ ದಡದಲ್ಲೇ ಅಡ್ಡಗಟ್ಟಿ, 1987ರ ಅಕ್ಟೋಬರ್ 3ರಂದು ಅಂಗೋಲಾ ಸರ್ಕಾರದ 47ನೇ ಬ್ರಿಗೇಡನ್ನು ಧೂಳೀಪಟ ಮಾಡಿತು.

ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ: ದಕ್ಷಿಣ ಆಫ್ರಿಕಾದ ಜಿ-5 ಫಿರಂಗಿ ಸುಮಾರು 40 ಕಿ.ಮೀ. ದೂರ ಹೊಡೆಯುತ್ತಿದ್ದರೂ ಸರ್ಕಾರದ ಕೈಲಿದ್ದ ಕ್ವಿಟೊ ಕ್ವಾನವಾಲೆ ಪಟ್ಟಣ ಯಾಕೆ ಬೀಳಲಿಲ್ಲ? ಪಟ್ಟಣದ ಪೂರ್ವಕ್ಕಿರುವ ಟುಂಪೊ ಬಳಿ ಹೂತಿಟ್ಟ ನೆಲಬಾಂಬುಗಳಲ್ಲಿ ದಕ್ಷಿಣ ಆಫ್ರಿಕಾದ ಟ್ಯಾಂಕುಗಳು ಸಿಕ್ಕಿಬಿದ್ದವು. ಮೇಲೆ ಅಂಗೋಲಾ ಸರ್ಕಾರದ ಪರ ಹಾರುತ್ತಿದ್ದ ಕ್ಯೂಬಾ ಪೈಲಟ್‌ಗಳ ಮಿಗ್-23 ಯುದ್ಧವಿಮಾನ. 1977ರ ವಿಶ್ವಸಂಸ್ಥೆ ಶಸ್ತ್ರ ನಿರ್ಬಂಧದಿಂದಾಗಿ ದಕ್ಷಿಣ ಆಫ್ರಿಕಾಕ್ಕೆ ಕಳೆದುಕೊಂಡ ವಿಮಾನಕ್ಕೆ ಬದಲಿ ಸಿಗುವುದೇ ಕಷ್ಟವಿತ್ತು.

ಗೆದ್ದವರು ಯಾರೆಂಬ ಜಗಳ ಬೇಡ, ಎರಡೂ ಕಡೆಯವರು ಗೆಲುವು ತಮ್ಮದೇ ಅಂತಾರೆ. ಸಾವಿನ ಸಂಖ್ಯೆ ಹಾಕುವವರು ಅದು ಯಾವ ಕಡೆಯ ಲೆಕ್ಕ ಅಂತ ಜೊತೆಗೇ ಬರೆಯಿರಿ.

1988ರ ಡಿಸೆಂಬರ್ 22ರ ನ್ಯೂಯಾರ್ಕ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದು ಅಂಗೋಲಾ, ಕ್ಯೂಬಾ, ದಕ್ಷಿಣ ಆಫ್ರಿಕಾ. ಯುನಿಟಾ ಅದರಲ್ಲಿ ಇರಲಿಲ್ಲ. ಒಳಯುದ್ಧ 2002ರವರೆಗೂ ಎಳೆಯಿತು. ಈ ಭಾಗ ಮಾತಾಡಲು ಇನ್ನೊಬ್ಬರು ಬೇಕು.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ 👍 ಹಾಕಿ. ಲಿಂಕ್ ಶನಿವಾರ ಕಳಿಸುತ್ತೇವೆ. ಅಲ್ಲಿಯವರೆಗೆ ಫಾರ್ವರ್ಡ್ ವಿಡಿಯೊ ಬೇಡ.