ರಾತ್ರಿ ಹತ್ತಕ್ಕೆ ಬೀಳುವ ಬೀಗ: ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದವಳು. ಬೆಂಗಳೂರಿನಲ್ಲಿ ರೈಲ್ವೆ ಹಳಿ ಪಕ್ಕದ ಕಾಲೋನಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಸಾಮೂಹಿಕ ಶೌಚಾಲಯ ಉದ್ಘಾಟನೆಗೆ ನೀವು ಬಂದಾಗ ನಾವು ಹೆಂಗಸರೆಲ್ಲ ಸೇರಿ ಆರತಿ ಎತ್ತಿದ್ದೆವು. ಅವತ್ತಿನ ಖುಷಿ ಸುಳ್ಳಲ್ಲ. ಅದಕ್ಕೇ ಈ ಪತ್ರವನ್ನು ನಿಮಗೇ ಬರೆಯುತ್ತಿದ್ದೇನೆ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಬೆಳಕು ಬೀಳಲಿ ಅಂತ ಮೆಷಿನ್ ಬಾಗಿಲ ಹತ್ತಿರ ಇಟ್ಟಿದ್ದೇನೆ. ಎದುರಿಗೇ ಆ ಶೌಚಾಲಯ. ರಾತ್ರಿ ಹತ್ತಕ್ಕೆ ಅದಕ್ಕೆ ಬೀಗ ಬೀಳುತ್ತದೆ. ನೋಡಿಕೊಳ್ಳುವ ಹುಡುಗ ಒಳ್ಳೆಯವನು, ಅವನದೇನೂ ತಪ್ಪಿಲ್ಲ. ಕಂಟ್ರಾಕ್ಟರ್ ಹೇಳಿದ ಟೈಮಿಗೆ ಬೀಗ ಹಾಕಿ, ಕೀಲಿ ಜೇಬಿಗಿಟ್ಟುಕೊಂಡು, ಕೊನೆ ಬಸ್ಸು ಹಿಡಿಯಬೇಕು ಅವನು. ಮತ್ತೆ ಬಾಗಿಲು ತೆರೆಯುವುದು ಬೆಳಗ್ಗೆ ಐದೂವರೆಗೆ.

ನಡುವಿನ ಏಳೂವರೆ ಗಂಟೆ ನಾವೇನು ಮಾಡಬೇಕು ಸಾರ್?

ನಮ್ಮ ಕಾಲೋನಿಯ ಹೆಂಗಸರು ಸಂಜೆ ಆರಾದ ಮೇಲೆ ನೀರು ಕುಡಿಯುವುದಿಲ್ಲ. ಬೇಸಿಗೆಯಲ್ಲೂ ಅಷ್ಟೆ. ಉರಿಮೂತ್ರ ಅಂತ ಆಸ್ಪತ್ರೆಗೆ ಹೋದರೆ ಡಾಕ್ಟರು ಚೆನ್ನಾಗಿ ನೀರು ಕುಡಿಯಮ್ಮ ಅನ್ನುತ್ತಾರೆ. ತಲೆ ಆಡಿಸಿ ಬರುತ್ತೇವೆ. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ರಾತ್ರಿ ಮೂರು ಸಲ ಏಳುತ್ತಾರೆ. ಹತ್ತಡಿ ಹನ್ನೆರಡಡಿ ಮನೆ ನಮ್ಮದು. ಮೂಲೆಯಲ್ಲಿ ಒಂದು ಬಕೆಟ್. ಆ ಕಡೆ ಪಿಯುಸಿ ಓದುವ ನನ್ನ ಮಗ ಮಲಗಿರುತ್ತಾನೆ. ನಾನು ಹಳೆ ಸೀರೆ ಅಡ್ಡ ಹಿಡಿದು ನಿಲ್ಲುತ್ತೇನೆ. ಮಗ ಎಚ್ಚರ ಇದ್ದರೂ ಗೋಡೆ ಕಡೆ ತಿರುಗಿ ನಿದ್ದೆ ಬಂದವನ ಹಾಗೆ ಇರುತ್ತಾನೆ. ಅತ್ತೆ ಎಷ್ಟೋ ರಾತ್ರಿ ಅಲ್ಲೇ ಕೂತು ಅತ್ತಿದ್ದಾರೆ. ನಲವತ್ತು ವರ್ಷ ಬೇರೆಯವರ ಮನೆಯ ಪಾತ್ರೆ ತಿಕ್ಕಿ ಮಕ್ಕಳನ್ನು ಸಾಕಿದ ಹೆಂಗಸು ಅವರು.

ವಯಸ್ಸಿನ ಹುಡುಗಿಯರು ಬಕೆಟ್‌ಗೆ ಒಪ್ಪುವುದಿಲ್ಲ. ಮೂರು ಜನ ಸೇರಿ ಹಳಿ ಕಡೆ ಹೋಗುತ್ತಾರೆ. ಒಬ್ಬಳು ಮೊಬೈಲ್ ಟಾರ್ಚ್ ನೆಲಕ್ಕೆ ಹಿಡಿಯುತ್ತಾಳೆ, ಇನ್ನೊಬ್ಬಳು ರೈಲು ಬರುತ್ತಾ ನೋಡುತ್ತಾಳೆ. ಇಂಜಿನ್ ಲೈಟು ಕಂಡರೆ ಇದ್ದ ಹಾಗೇ ಎದ್ದು ನಿಲ್ಲಬೇಕು. ಅವರು ವಾಪಸ್ ಬರುವವರೆಗೂ ತಾಯಂದಿರು ಬಾಗಿಲಲ್ಲೇ ಕಾಯುತ್ತಿರುತ್ತಾರೆ.

ನಗರವನ್ನು ಬಯಲು ಶೌಚ ಮುಕ್ತ ಅಂತ ಘೋಷಿಸಲು ಸ್ವಚ್ಛ ಭಾರತದಲ್ಲಿ ಒಂದು ನಿಯಮ ಇದೆ. ದಿನದ ಯಾವ ಹೊತ್ತಿನಲ್ಲೂ ಒಬ್ಬರೂ ಬಯಲಿಗೆ ಹೋಗುವುದು ಕಾಣಬಾರದು. ಯಾವ ಹೊತ್ತಿನಲ್ಲೂ ಅಂದರೆ ರಾತ್ರಿಯೂ ಸೇರಿತಲ್ವಾ? ಅದೇ ಯೋಜನೆಯ ಮಾರ್ಗಸೂಚಿ ಸಾಮೂಹಿಕ ಶೌಚಾಲಯದಲ್ಲಿ 25 ಹೆಂಗಸರಿಗೆ ಒಂದು, 35 ಗಂಡಸರಿಗೆ ಒಂದು ಕಕ್ಕಸು ಇರಬೇಕು ಅನ್ನುತ್ತದೆ. ನಮ್ಮಲ್ಲಿ 180 ಮನೆ. ಮನೆಗೆ ಇಬ್ಬರೇ ಹೆಂಗಸರು ಅಂತ ಹಿಡಿದರೂ 360 ಜನ. ಲೆಕ್ಕದ ಪ್ರಕಾರ 15 ಬೇಕು. ಕಟ್ಟಿರುವುದು 6. ಅದರಲ್ಲಿ ಎರಡು ಬ್ಲಾಕ್ ಆಗಿ ತಿಂಗಳುಗಳೇ ಆದವು, ಮೂರನೆಯದಕ್ಕೆ ಚಿಲಕ ಇಲ್ಲ. ಒಳಗೆ ಹೋದವರು ಬಾಗಿಲಿಗೆ ಕಟ್ಟಿದ ಲಾಡಿಯನ್ನು ಕೈಯಲ್ಲಿ ಎಳೆದು ಹಿಡಿದಿರಬೇಕು. ಆ ಲಾಡಿ ಕೊಟ್ಟವಳು ನಾನೇ.

ಒಂದು ಸಲಕ್ಕೆ ಐದು ರೂಪಾಯಿ. ನಾವು ಐದು ಜನ, ದಿನಕ್ಕೆ ಎರಡೇ ಸಲ ಅಂದರೂ 50 ರೂಪಾಯಿ. ತಿಂಗಳಿಗೆ 1,500. ಬಸ್ ಸ್ಟ್ಯಾಂಡಿನಲ್ಲಿ ಯಾವತ್ತೋ ಒಂದು ದಿನ ಐದು ರೂಪಾಯಿ ಕೊಡುವುದು ಬೇರೆ, ದಿನಾ ಕೊಡುವುದು ಬೇರೆ.

ಮನೆಯಲ್ಲೇ ಕಟ್ಟಿಸಿಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ಅದಕ್ಕೂ ಓಡಾಡಿದ್ದೇವೆ. 2014ರ ಅಕ್ಟೋಬರ್ 2ಕ್ಕೆ ಸ್ವಚ್ಛ ಭಾರತ ಶುರುವಾದಾಗ ನಗರದ ಮನೆ ಶೌಚಾಲಯಕ್ಕೆ ಕೇಂದ್ರದಿಂದ 4,000 ರೂಪಾಯಿ ಅಂದರು. ಅರ್ಜಿ ಹಿಡಿದು ಹೋದರೆ ಹಕ್ಕುಪತ್ರ ತನ್ನಿ ಅಂದರು. ನಮ್ಮದು ಸರ್ಕಾರ ಕೊಳಗೇರಿ ಅಂತ ಘೋಷಿಸಿದ ಜಾಗ ಅಲ್ಲ, ಹಕ್ಕುಪತ್ರ ಎಲ್ಲಿಂದ ತರುವುದು? ಆದರೆ ಘೋಷಿತ, ಅಘೋಷಿತ ಅಂತ ನೋಡಬಾರದು, ಜಾಗದ ಹಕ್ಕಿಗೂ ಈ ಸವಲತ್ತಿಗೂ ಗಂಟು ಹಾಕಬಾರದು ಅಂತ ಆ ಮಾರ್ಗಸೂಚಿಯಲ್ಲೇ ಬರೆದಿದೆ. ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಕೌಂಟರಿನಲ್ಲಿ ಕೂತವರಿಗೆ ಮೊದಲೇ ಗೊತ್ತಿರಬೇಕಿತ್ತು. ಇನ್ನು ಯುಜಿಡಿ, ಅಂದರೆ ಒಳಚರಂಡಿ ಲೈನು ಮೇನ್ ರೋಡಿಗೇ ನಿಂತಿದೆ. ಗುಂಡಿ ತೋಡಿಸಿದರೆ ಅದು ತುಂಬಿದ ದಿನ ಸಕ್ಕಿಂಗ್ ಮೆಷಿನ್ ಗಾಡಿ ನಮ್ಮ ಗಲ್ಲಿಯೊಳಗೆ ಬರುವುದಿಲ್ಲ. ಆಗ ಯಾರನ್ನೋ ಕರೆದು ಗುಂಡಿಗೆ ಇಳಿಸಬೇಕು. ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾನೂನು ಅದನ್ನು ನಿಷೇಧಿಸಿದೆ, ನಮ್ಮ ಮನಸ್ಸೂ ಒಪ್ಪುವುದಿಲ್ಲ.

ಮೊದಲಾದರೆ ಕಾರ್ಪೊರೇಟರ್ ಮನೆ ಮುಂದೆ ಹೋಗಿ ನಿಲ್ಲುತ್ತಿದ್ದೆವು. 2020ರ ಸೆಪ್ಟೆಂಬರ್‌ನಲ್ಲಿ ಅವರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಹಾಗಾಗಿ ಒಂದು ಚಿಲಕಕ್ಕೂ ನಿಮ್ಮನ್ನೇ ಕೇಳಬೇಕಾಗಿದೆ.

ಶಾಸಕರ ನಿಧಿ ವರ್ಷಕ್ಕೆ 2 ಕೋಟಿ ಇದೆ. ಅದರಲ್ಲಿ ಕೆಟ್ಟಿರುವ ಎರಡು ಕಕ್ಕಸು ರಿಪೇರಿ ಮಾಡಿಸಿ, ಇನ್ನಷ್ಟು ಕಟ್ಟಿಸಿ, ಹೊರಗೆ ಒಂದು ದೊಡ್ಡ ಲೈಟು ಹಾಕಿಸಿ. ರಾತ್ರಿ ಪಾಳಿಗೆ ಒಬ್ಬ ಹೆಂಗಸನ್ನು ಇಟ್ಟು ಪಾಲಿಕೆಯಿಂದ ಸಂಬಳ ಕೊಡಿಸಿ. ನಮ್ಮ ಸ್ತ್ರೀಶಕ್ತಿ ಸಂಘದಲ್ಲೇ ಇಬ್ಬರು ತಯಾರಿದ್ದಾರೆ. ಸುಮ್ನೆ ಮಾಡಿ ಅಂತ ಮಾತ್ರ ಅವರಿಗೆ ಹೇಳಬೇಡಿ. ಕಾಲೋನಿಯವರಿಗೆ ದಿನಾ ಐದೈದು ರೂಪಾಯಿ ಬೇಡ, ಮನೆಗೆ ಇಷ್ಟು ಅಂತ ತಿಂಗಳಿಗೊಂದು ಸಣ್ಣ ಪಾಸ್ ಮಾಡಿಸಿ. ಯುಜಿಡಿಗೆ ಟೈಮ್ ಬೇಕು, ಗೊತ್ತು. ಬೀಗ ತೆಗೆಸಲು ಅಷ್ಟು ಟೈಮ್ ಬೇಕಾಗಿಲ್ಲ.

ಫೆಬ್ರವರಿಯಲ್ಲಿ 112 ಹೆಂಗಸರು ಸಹಿ, ಹೆಬ್ಬೆಟ್ಟು ಹಾಕಿ ಇದನ್ನೆಲ್ಲ ಪಾಲಿಕೆಗೆ ಅರ್ಜಿಯಲ್ಲಿ ಕೊಟ್ಟಿದ್ದೇವೆ. ಸೀಲು ಬಿದ್ದ ಪ್ರತಿ ನನ್ನ ಮೆಷಿನ್ ಡ್ರಾಯರ್‌ನಲ್ಲಿದೆ. ಹಿಂಬರಹ, ಅಂದರೆ ಬರೆದುಕೊಡುವ ಉತ್ತರ, ಇನ್ನೂ ಬಂದಿಲ್ಲ. ನೀವು ಒಂದು ಮಾತು ಹೇಳಿದರೆ ಬರುತ್ತದೆ. ಆಗುವುದಿಲ್ಲ ಅನ್ನುವುದಾದರೂ ಬರೆದೇ ಕೊಡಲಿ. ಮುಂದೆ ಯಾರ ಹತ್ತಿರ ಹೋಗಬೇಕು ಅಂತ ನಮಗೆ ತಿಳಿಯುತ್ತದೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು