ಮಕ್ಕಳ ಪೊಲೀಸ್ ಅಧಿಕಾರಿಯನ್ನು ಬಂದೋಬಸ್ತ್‌ಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ನಾನು ಎಎಸ್‌ಐ ಆಗಿ ನಿವೃತ್ತನಾದವನು. ಕೊನೆಯ ಕೆಲವು ವರ್ಷ ಒಂದು ತಾಲ್ಲೂಕು ಠಾಣೆಯಲ್ಲಿ ‘ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ’ಯಾಗಿದ್ದೆ. 2015ರ ಬಾಲ ನ್ಯಾಯ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ಪ್ರತಿ ಠಾಣೆಯಲ್ಲೂ ಇಂಥ ಒಬ್ಬರಿರಬೇಕು, ಅವರು ಮಕ್ಕಳ ವಿಚಾರ ಬಿಟ್ಟು ಬೇರೇನೂ ನೋಡಬಾರದು. ನನಗೆ ಬೀಟ್ ಇತ್ತು, ಸಮನ್ಸ್, ವಾರಂಟ್ ಇತ್ತು, ಪಾಸ್‌ಪೋರ್ಟ್ ವೆರಿಫಿಕೇಶನ್ ಇತ್ತು. ಜಾತ್ರೆ, ಮಂತ್ರಿಗಳ ಭೇಟಿ, ಎಲ್ಲಕ್ಕೂ ಬಂದೋಬಸ್ತ್ ಇತ್ತು. ಇವೆಲ್ಲ ಮುಗಿದರೆ ಮಕ್ಕಳು.

ಗಣಪತಿ ವಿಸರ್ಜನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ಕದ್ದ ಅಂತ ಜನ ಒಬ್ಬ ಹುಡುಗನನ್ನು ಹಿಡಿದು ಠಾಣೆಗೆ ತಂದರು. ‘ಮಕ್ಕಳ ಕೇಸು, ನೀವೇ ಬರಬೇಕು’ ಅಂತ ರೈಟರ್ ಫೋನ್ ಮಾಡಿದಾಗ ಸಂಜೆ 5 ಗಂಟೆ. ನಾನು ಮೆರವಣಿಗೆ ಬಿಟ್ಟು ಬರುವ ಹಾಗಿರಲಿಲ್ಲ. ಬಂದಾಗ ರಾತ್ರಿ ಹನ್ನೊಂದೂವರೆ. ಅಷ್ಟೂ ಹೊತ್ತು ಅವನು ಬೆಂಚಿನ ಮೇಲೆ ಕೂತಿದ್ದ. ಯಾರೂ ಹೊಡೆದಿರಲಿಲ್ಲ, ಯಾರೂ ಮಾತಾಡಿಸಿಯೂ ಇರಲಿಲ್ಲ. ಕಾಲಲ್ಲಿ ಒಂದೇ ಹವಾಯಿ ಚಪ್ಪಲಿ, ಇನ್ನೊಂದು ಓಡುವಾಗ ಬಿದ್ದುಹೋಗಿತ್ತು. ಬರಿಗಾಲನ್ನು ಚಪ್ಪಲಿ ಇದ್ದ ಕಾಲಿನ ಹಿಂದೆ ಮರೆ ಮಾಡಿಕೊಂಡಿದ್ದ.

ಇಂಥ ಸಣ್ಣ ಕೇಸಿಗೆ ಎಫ್‌ಐಆರ್ ಇಲ್ಲ. ಠಾಣೆ ಡೈರಿಯಲ್ಲಿ ಬರೆದು, ಹುಡುಗನ ಸಾಮಾಜಿಕ ಹಿನ್ನೆಲೆ ವರದಿಯನ್ನು ಬಾಲ ನ್ಯಾಯ ಮಂಡಳಿಗೆ ಕಳಿಸಬೇಕು. ಮಂಡಳಿಯಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಬುದ್ಧಿ ಹೇಳಿ ಮನೆಗೆ ಕಳಿಸಬೇಕೋ, ಕೌನ್ಸೆಲಿಂಗ್ ಬೇಕೋ, ಸಮುದಾಯ ಸೇವೆಗೆ ಹಾಕಬೇಕೋ ಅಂತ ಯೋಚಿಸುವಾಗ ಅವರು ಮೊದಲು ನೋಡುವುದು ಈ ಹಾಳೆಯನ್ನೇ ಅಲ್ವಾ?

‘ಶಾಲೆ ಬಿಟ್ಟ ಕಾರಣ’ ಅಂತ ಕೇಳಿದೆ. ‘ಗೊತ್ತಿಲ್ಲ ಸಾರ್’ ಅಂದ. ನನಗೆ ಕಣ್ಣು ಎಳೆಯುತ್ತಿತ್ತು. ‘ಬಡತನ’ ಅಂತ ಬರೆದು ಮುಂದಕ್ಕೆ ಹೋದೆ. ತಾಯಿಯನ್ನು ಕರೆಸಿ, ಸಹಿ ಹಾಕಿಸಿ ಜೊತೆಗೆ ಕಳಿಸಿದೆ.

ನಿಜವಾದ ಕಾರಣ ಹೊರಬಂದದ್ದು ಮಂಡಳಿಯ ಸದಸ್ಯೆಯೊಬ್ಬರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿದಾಗ. ಎಂಟನೇ ಕ್ಲಾಸ್ ಪಾಸಾದ ಮೇಲೆ ಮನೆಯವರು ಕೂಲಿಗಾಗಿ ಊರು ಬಿಟ್ಟು ಬಂದಿದ್ದರು. ಹಳೇ ಶಾಲೆಯಿಂದ ಟಿಸಿ ತಂದಿರಲಿಲ್ಲ. ಟಿಸಿ ಇಲ್ಲದೆ ಇಲ್ಲಿ ಒಂಬತ್ತಕ್ಕೆ ಸೇರಿಸಿಕೊಳ್ಳಲಿಲ್ಲ. ಒಂದು ವರ್ಷ ಸುಮ್ನೆ ಬಸ್ ಸ್ಟ್ಯಾಂಡಿನಲ್ಲಿ ಅಲೆದಿದ್ದಾನೆ, ತನಗಿಂತ ದೊಡ್ಡ ಹುಡುಗರ ಜೊತೆ. ಅವತ್ತು ಸಂಜೆಯೇ ಅರ್ಧ ಗಂಟೆ ಪಕ್ಕದಲ್ಲಿ ಕೂತಿದ್ದರೆ ಇದು ನನಗೇ ಗೊತ್ತಾಗುತ್ತಿತ್ತು. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ.

ಗೃಹ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಈ ಅಧಿಕಾರಿಯ ಹೆಸರನ್ನು ಬಂದೋಬಸ್ತ್ ಪಟ್ಟಿಯಿಂದ ತೆಗೆಯಿರಿ. ಅವರ ಬೇರೆ ಕೆಲಸಕ್ಕೆ ಬೇರೆ ಸಿಬ್ಬಂದಿ ಕೊಡಿ. ಇಲ್ಲದಿದ್ದರೆ ಆ ಹೊರೆ ಪಕ್ಕದ ಕಾನ್‌ಸ್ಟೆಬಲ್ ಹೆಗಲಿಗೆ ಬೀಳುತ್ತದೆ, ಅವರಿಗೂ ಈಗಲೇ ಜಾಸ್ತಿಯಾಗಿದೆ. ತರಬೇತಿ ಮುಗಿಸಿದವರನ್ನು ಮರುವರ್ಷವೇ ಟ್ರಾಫಿಕ್‌ಗೆ ಹಾಕಬೇಡಿ. ಜಿಲ್ಲೆಯ ವಿಶೇಷ ಬಾಲ ಪೊಲೀಸ್ ಘಟಕದಲ್ಲಿ ಇಬ್ಬರು ಸಮಾಜ ಕಾರ್ಯಕರ್ತರಿರಬೇಕು ಅಂತ ಇದೇ ಕಾಯ್ದೆ ಹೇಳುತ್ತದೆ. ಮಗು ಠಾಣೆಗೆ ಬಂದ ದಿನ ಅವರಲ್ಲಿ ಒಬ್ಬರಾದರೂ ಅಲ್ಲಿಗೆ ಬರುವಂತಾಗಲಿ.

ಆ ಹುಡುಗನ ಟಿಸಿಯನ್ನು ಆಮೇಲೆ ನಾನೇ ಹೋಗಿ ತಂದುಕೊಟ್ಟೆ. ಬಸ್ಸಲ್ಲಿ ಹೋಗಿ ಬರಲು ಅರ್ಧ ದಿನ ಹಿಡಿಯಿತು. ಅದಕ್ಕೆ ನಾನು ರಜೆ ಹಾಕಬೇಕಾಯಿತು.

– ನಿವೃತ್ತ ಎಎಸ್‌ಐ, ಶಿವಮೊಗ್ಗ