ಸೆರೀನಾ ಬಂದಿದ್ದು ನಿಜ ಕಣೋ

ಲೋ ಮಗಾ,

ಮೊನ್ನೆ ವಿಡಿಯೋ ಕಾಲಲ್ಲಿ ನಿನ್ ಮಗಳು "ಅಂಕಲ್, ಟೆನಿಸ್ ಸೆರೀನಾ ವಿಲಿಯಮ್ಸ್ ಕಬ್ಬನ್ ಪಾರ್ಕಿಗೆ ಬಂದಿದ್ಲಾ, ಇಲ್ಲಾ ಅಪ್ಪ ಬುರುಡೆ ಬಿಡ್ತಿದಾನಾ" ಅಂದ್ಲಲ್ಲ, ಆವತ್ತಿಂದ ತಲೇಲಿ ಅದೇ ಓಡ್ತಿದೆ. ನೀನು ಜೀವನದಲ್ಲಿ ಹೇಳಿರೋ ಕೆಲವೇ ನಿಜಗಳಲ್ಲಿ ಅದೂ ಒಂದು ಅಂತ ಹೇಳು ಅವಳಿಗೆ.

2008ರ ಮಾರ್ಚು, ಕಬ್ಬನ್ ಪಾರ್ಕಲ್ಲಿರೋ ಕೆಎಸ್‌ಎಲ್‌ಟಿಎ (ರಾಜ್ಯ ಟೆನಿಸ್ ಸಂಸ್ಥೆ) ಕೋರ್ಟು, ಬೆಂಗಳೂರು ಓಪನ್ ಅನ್ನೋ ಹೆಂಗಸರ ಟೂರ್ನಿ. ಬಹುಮಾನ 6 ಲಕ್ಷ ಡಾಲರ್. ಸೆರೀನಾ ಒಬ್ಳೇ ಅಲ್ಲ, ಅವಳ ಅಕ್ಕ ವೀನಸ್ಸೂ ಬಂದು, 2005ರ ಯುಎಸ್ ಓಪನ್ ಆದ್ಮೇಲೆ ಅಕ್ಕತಂಗಿ ಮೊದಲ್ನೇ ಸಲ ಎದುರುಬದುರು ನಿಂತಿದ್ದು ನಮ್ಮೂರಲ್ಲಿ, ಅದೂ ಸೆಮಿಫೈನಲ್ಲಲ್ಲಿ! 6-3, 3-6, 7-6, ತಂಗಿ ಗೆದ್ಲು. ನಾನೋ, ಫೈನಲ್ ಟಿಕೆಟ್ ಇದ್ಯಲ್ಲ ಅಂತ ಸೆಮಿ ಬಿಟ್ಟು ತುಮಕೂರಿಗೆ ನಿಶ್ಚಿತಾರ್ಥದ ಊಟಕ್ಕೆ ಹೋಗಿದ್ದೆ, ಹೋಳಿಗೆ ಕೂಡಾ ಚೆನ್ನಾಗಿರ್ಲಿಲ್ಲ. ಮಾರನೇ ದಿನ ಫೈನಲಲ್ಲಿ ಶ್ನೈಡರ್‌ನ 7-5, 6-3ಕ್ಕೆ ಮುಗಿಸಿದ್ಲು, ಅದನ್ನೇನೋ ನೋಡ್ದೆ ಬಿಡು.

ನಮ್ಮ ಸಾನಿಯಾ ಮಿರ್ಜಾ ಮಾತ್ರ ಬರ್ಲಿಲ್ಲ, ಭಾರತದಲ್ಲಿ ಆಡಿದಾಗೆಲ್ಲ ಏನಾದ್ರೊಂದು ರಗಳೆ ಆಗುತ್ತೆ ಅಂತ. ಅವಳಿಗೆ ತಪ್ಪು ಹೇಳಕ್ಕಾಗಲ್ಲ ಕಣೋ. ಇದೇ ಟೂರ್ನಿ ಹೈದರಾಬಾದಲ್ಲಿ ಇದ್ದಾಗ 2005ರಲ್ಲಿ ಸಿಂಗಲ್ಸ್ ಗೆದ್ದೋಳು, ಇಲ್ಲಿಗೆ ಬಂದ ಮೊದಲ ವರ್ಷ 2006ರಲ್ಲಿ ಲೀಜಲ್ ಹ್ಯೂಬರ್ ಜೊತೆ ಡಬಲ್ಸ್ ಗೆದ್ದೋಳು.

ನನಗೆ ಅದಕ್ಕಿಂತ ಇಷ್ಟ ಆಗೋದು ಆ ಮೊದಲೆರಡು ವರ್ಷದ ಸಿಂಗಲ್ಸ್. 2006ರಲ್ಲಿ ಇಟಲಿಯ ಸಾಂಟಾಂಜೆಲೋ, 2007ರಲ್ಲಿ ಅವಳನ್ನೇ ಫೈನಲಲ್ಲಿ ಸೋಲಿಸಿದ ಶ್ವೆಡೋವಾ, ಇಬ್ರಿಗೂ ಇಡೀ ಕರಿಯರಲ್ಲಿ ಡಬ್ಲ್ಯುಟಿಎ (ಹೆಂಗಸರ ಟೆನಿಸ್ ಟೂರ್) ಸಿಂಗಲ್ಸ್ ಕಪ್ಪು ಅಂತ ಸಿಕ್ಕಿದ್ದು ನಮ್ಮೂರಿಂದು ಮಾತ್ರ. ಆ ಶ್ವೆಡೋವಾನೇ ಕಣೋ 2012ರ ವಿಂಬಲ್ಡನ್ನಲ್ಲಿ ಒಂದೂ ಪಾಯಿಂಟ್ ಬಿಡದೆ, 24ಕ್ಕೆ 24 ತಗೊಂಡು ಒಂದು ಸೆಟ್ ಗೆದ್ಲಲ್ಲ!

ಅಷ್ಟೇ, ಮೂರೇ ವರ್ಷ. 2009ರಲ್ಲಿ ಟೂರ್ನಿನೇ ಇಲ್ಲ. 2008ರ ಸೆಪ್ಟೆಂಬರಲ್ಲಿ ಮುಂಬೈಯಿಂದ ಗಂಡಸರ ಎಟಿಪಿ ಟೂರ್ನಿನೂ ಇಲ್ಲಿಗೆ ಬರೋದಿತ್ತು, ಜುಲೈನಲ್ಲಿ ನಮ್ಮೂರಲ್ಲಿ ಬಾಂಬ್ ಸಿಡೀತು, ಸೆಕ್ಯುರಿಟಿ ಅಂತ ಅದೂ ಕ್ಯಾನ್ಸಲ್.

ನಿನ್ ಹತ್ರ ಆ ಸೆಮಿ ಟಿಕೆಟ್ಟಿನ ಚೂರು ಇನ್ನೂ ಇದ್ರೆ ಒಂದು ಫೋಟೋ ಹೊಡ್ದು ಕಳ್ಸು. ಮಗಳಿಗಲ್ಲ, ನನಗೆ.